ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಡಿಸ್ಕ್ ಬ್ರೇಕ್ ಕೈಕೊಟ್ಟಿತು: ಬಲವಾದ ಬ್ರೇಕ್ ಯಾವುದು ಹೇಳಿ

ಬೆಟ್ಟದ ಗಾಳಿ (ಮೈಸೂರು), ಭಾನುವಾರ ಬೆಳಿಗ್ಗೆ 9.20

ಇಂದು ಬೆಳಿಗ್ಗೆ ಬೆಟ್ಟದಿಂದ ಇಳಿಯುವಾಗ ನನ್ನ ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲಿನ ಬ್ರೇಕ್ ಕೈಕೊಟ್ಟಿತು. ಮೊದಲ ಎರಡು ತಿರುವುಗಳಲ್ಲಿ ಏನೂ ತೊಂದರೆ ಇರಲಿಲ್ಲ. ಮೂರನೆಯದರಲ್ಲಿ ಎಷ್ಟು ಒತ್ತಿದರೂ ಸೈಕಲ್ ನಿಲ್ಲಲಿಲ್ಲ. ಎದುರಿಗೆ ಬಸ್ಸು ಹತ್ತಿ ಬರುತ್ತಿತ್ತು. ಎಡಕ್ಕೆ ಮಣ್ಣಿಗೆ ಇಳಿಸಿ, ಕಾಲು ಉಜ್ಜಿಕೊಂಡು ಹೇಗೋ ನಿಂತೆ. ಮೊಣಕೈ ತರಚಿದೆ, ಅಷ್ಟೇ. ಆದರೆ ಮನೆಗೆ ಬಂದು ಕಾಫಿ ಲೋಟ ಹಿಡಿದಾಗಲೂ ಕೈ ನಡುಗುತ್ತಿತ್ತು.

ಡಿಸ್ಕ್ ಬ್ರೇಕ್ ಇದೆ ಎಂಬ ಒಂದೇ ಕಾರಣಕ್ಕೆ ಹೆಚ್ಚು ಹಣ ಕೊಟ್ಟು ಕೊಂಡ ಸೈಕಲ್ ಇದು. ಹೋದ ತಿಂಗಳಷ್ಟೇ ಸರ್ವೀಸ್ ಆಗಿದೆ. ಇನ್ನು ಈ ಬ್ರೇಕನ್ನು ನಾನು ನಂಬುವುದಿಲ್ಲ. 20,000 ರೂಪಾಯಿಯೊಳಗೆ ಅತ್ಯಂತ ಬಲವಾದ, ನಂಬಿಕೆಗೆ ತಕ್ಕ ಡಿಸ್ಕ್ ಬ್ರೇಕ್ ಯಾವುದು? ಹೆಸರು ಹೇಳಿ, ನಾಳೆಯೇ ತರಿಸುತ್ತೇನೆ.

ಹಳೇ ಪೆಡಲ್ (ಕುವೆಂಪುನಗರ), ಭಾನುವಾರ ಬೆಳಿಗ್ಗೆ 10.05

ದೊಡ್ಡ ಪೆಟ್ಟಾಗಲಿಲ್ಲವಲ್ಲ, ಅದೇ ಸಮಾಧಾನ. ಹೊಸ ಬ್ರೇಕಿಗೆ ದುಡ್ಡು ಸುರಿಯಬೇಡಿ. ಇದು ಪ್ಯಾಡಿಗೆ, ಅಂದರೆ ಚಕ್ರದ ರೋಟರ್ ತಟ್ಟೆಯನ್ನು ಒತ್ತಿ ಹಿಡಿಯುವ ತುಂಡಿಗೆ, ಎಣ್ಣೆ ತಗುಲಿರುವ ಪ್ರಕರಣ. ಚೈನಿಗೆ ಸ್ಪ್ರೇ ಹೊಡೆಯುವಾಗ ಒಂದು ಹನಿ ರೋಟರಿಗೆ ಸಿಡಿದರೂ ಸಾಕು, ಹಿಡಿತ ಅರ್ಧಕ್ಕೆ ಇಳಿಯುತ್ತದೆ. ಪ್ಯಾಡ್ ಬಿಚ್ಚಿ, ಉಪ್ಪು ಕಾಗದವನ್ನು ಗಾಜಿನ ಮೇಲಿಟ್ಟು ಸಮವಾಗಿ ಉಜ್ಜಿ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಹತ್ತರಲ್ಲಿ ಒಂಬತ್ತು ಸಲ ಇಷ್ಟರಲ್ಲೇ ಸರಿಹೋಗುತ್ತದೆ.

ನಾಲ್ಕು ಪಿಸ್ಟನ್ (ವಿಜಯನಗರ), ಭಾನುವಾರ ಬೆಳಿಗ್ಗೆ 10.40

ಪ್ಯಾಡನ್ನು ತಳ್ಳುವ ಪಿಸ್ಟನ್ ಎರಡೇ ಇರುವ ಬ್ರೇಕ್ ಆಗಿದ್ದರೆ ಬೆಟ್ಟಕ್ಕೆ ಅದು ಸಾಲದು. ನಾನು ಶಿಮಾನೊ ಸೇಂಟ್ ಎಂ820 ಹಾಕಿಸಿದ್ದೇನೆ, ಹಿಂದೆ ಮುಂದೆ ಎರಡಕ್ಕೂ 203 ಮಿಲಿಮೀಟರ್ ರೋಟರ್. ಒಂದೇ ಬೆರಳು ಸಾಕು. ಸೇಂಟ್ ನಿಮ್ಮ ಮೊತ್ತಕ್ಕೆ ಮೀರಿದರೆ ಡಿಯೋರ್ ಎಂ6120 ತೆಗೆದುಕೊಳ್ಳಿ, ಅದರಲ್ಲೂ ನಾಲ್ಕು ಪಿಸ್ಟನ್. ಮಗುರಾ ಎಂಟಿ7, ಸ್ರ್ಯಾಮ್ ಮೇವನ್ ಇವೆಲ್ಲ ಇನ್ನೂ ಬಲಶಾಲಿ. 2024ರಲ್ಲಿ ಬಂದ ಮೇವನ್‌ಗೆ ಬ್ರೇಕಿನೊಳಗಿನ ಎಣ್ಣೆಯಾಗಿ ಡಾಟ್ ಫ್ಲೂಯಿಡ್ ಅಲ್ಲ, ಮಿನರಲ್ ಆಯಿಲ್ ಹಾಕುತ್ತಾರೆ. ನನ್ನ ಮುಂದಿನ ಸೈಕಲ್ಲಿಗೆ ಅದೇ.

ನಾಲೆ ಏರಿ (ಮಂಡ್ಯ), ಭಾನುವಾರ ಬೆಳಿಗ್ಗೆ 11.30

ಯಾವ ಬ್ರೇಕ್ ಕೈಕೊಟ್ಟಿತು ಎಂಬುದನ್ನೇ ಇವರು ಹೇಳಿಲ್ಲ, ನಾವು ಆಗಲೇ ಅಂಗಡಿಗೆ ಕಳಿಸುತ್ತಿದ್ದೇವೆ. ಮೊದಲು ಇಷ್ಟು ಹೇಳಿ. ಬ್ರೇಕಿನ ಮಾದರಿ ಯಾವುದು? ಮುಂದಿನದೋ ಹಿಂದಿನದೋ? ರೋಟರ್ ಅಳತೆ ಎಷ್ಟು? ಎಲ್ಲಕ್ಕಿಂತ ಮುಖ್ಯವಾಗಿ, ಲಿವರ್ ಗಟ್ಟಿಯಾಗಿದ್ದೂ ಸೈಕಲ್ ನಿಲ್ಲಲಿಲ್ಲವೋ, ಅಥವಾ ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೆ ಬಂದುಬಿಟ್ಟಿತೋ? ಗಟ್ಟಿಯಾಗಿದ್ದರೆ ದೋಷ ಪ್ಯಾಡಿನಲ್ಲಿ. ಹ್ಯಾಂಡಲ್‌ವರೆಗೆ ಬಂದಿದ್ದರೆ ಲಿವರಿನ ಒತ್ತಡವನ್ನು ಪಿಸ್ಟನ್ನಿಗೆ ಸಾಗಿಸುವ ಎಣ್ಣೆಯ ಕಡೆ ನೋಡಬೇಕು. ಇವೆರಡೂ ಬೇರೆ ಬೇರೆ ಕಾಯಿಲೆ.

ಬೆಟ್ಟದ ಗಾಳಿ, ಭಾನುವಾರ ಮಧ್ಯಾಹ್ನ 1.15

ಕ್ಷಮಿಸಿ, ಸಿಟ್ಟಿನಲ್ಲಿ ಬರೆದುಬಿಟ್ಟೆ. ಶಿಮಾನೊ ಎಂಟಿ200, ಎರಡೂ ಕಡೆ 160ರ ರೋಟರ್. ಕೈಕೊಟ್ಟದ್ದು ಮುಂದಿನದು. ಲಿವರ್ ಹ್ಯಾಂಡಲ್‌ಗೆ ತಾಗಿತು. ಹಿಂದಿನ ಬ್ರೇಕ್ ಹಿಡಿಯುತ್ತಿತ್ತು, ಆದರೆ ಅದೊಂದರಿಂದಲೇ ನಿಲ್ಲಲು ಆಗಲಿಲ್ಲ. ಕೆಳಗಿಳಿದು ನೋಡಿದರೆ ಹಿಂದಿನ ರೋಟರ್ ಕಂದು ನೀಲಿ ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ವಿಷಯ, ಕೆಲವು ದಿನಗಳಿಂದ ಮುಂದಿನ ಚಕ್ರ ಬ್ರೇಕ್ ಬಿಟ್ಟ ಮೇಲೂ ಶಿರ್ ಶಿರ್ ಎಂದು ಉಜ್ಜುತ್ತದೆ. ಅದು ಮಣ್ಣು ಇರಬಹುದು ಎಂದುಕೊಂಡಿದ್ದೆ.

ಹಳೇ ಪೆಡಲ್, ಭಾನುವಾರ ಮಧ್ಯಾಹ್ನ 1.50

ನೋಡಿ, ಉಜ್ಜುತ್ತಿದೆ ಎಂದರೆ ಪ್ಯಾಡು ಸರಿಯಿಲ್ಲ ಎಂದೇ ಅರ್ಥ. ಎಂಟಿ200ಕ್ಕೆ ರೆಸಿನ್ ಪ್ಯಾಡ್, ಅಂದರೆ ರಾಳ ಬೆರೆಸಿ ಮಾಡಿದ ಪ್ಯಾಡ್ ಮಾತ್ರ ಬರುತ್ತದೆ. ರೆಸಿನ್ ಬಿಸಿಯಾದರೆ ಮೇಲ್ಮೈ ಗಾಜಿನಂತೆ ಹೊಳಪಾಗಿ ಹಿಡಿತ ತಪ್ಪುತ್ತದೆ. ಉಜ್ಜಿ ನೋಡಿದಿರಾ?

ಕರಿಘಟ್ಟ 29 (ಶ್ರೀರಂಗಪಟ್ಟಣ), ಭಾನುವಾರ ಮಧ್ಯಾಹ್ನ 2.30

ಸರ್, ಪ್ಯಾಡ್ ಹೊಳಪಾದರೆ ಲಿವರ್ ಹ್ಯಾಂಡಲ್‌ಗೆ ತಾಗುವುದಿಲ್ಲ. ನಾಲೆ ಏರಿ ಮೇಡಂ ಅದನ್ನೇ ಹೇಳಿದ್ದು.

ಬಿಸಿಯ ಲೆಕ್ಕ ಕೇಳಿ. ಸವಾರ, ಸೈಕಲ್ ಸೇರಿ 107 ಕಿಲೋ ಎಂದುಕೊಳ್ಳೋಣ. ಬೆಟ್ಟದ ಇಳಿತ ಸುಮಾರು 300 ಮೀಟರ್. ಗುಣಿಸಿದರೆ ಹತ್ತಿರ ಹತ್ತಿರ 315 ಕಿಲೋಜೌಲ್. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾದಷ್ಟು ಶಾಖ! ಗಾಳಿ ಸ್ವಲ್ಪ ಹಂಚಿಕೊಳ್ಳುತ್ತದೆ, ನಿಜ. ಆದರೆ ಭಯಪಟ್ಟು ಉದ್ದಕ್ಕೂ ಬ್ರೇಕ್ ಹಿಡಿದೇ ನಿಧಾನವಾಗಿ ಇಳಿದರೆ ಗಾಳಿಯ ಪಾಲು ಕಡಿಮೆಯಾಗಿ, ಬಹುತೇಕ ಎಲ್ಲವನ್ನೂ ಆ ಎರಡು ತೆಳು ತಟ್ಟೆಗಳು ನುಂಗಬೇಕು. ಇಲ್ಲಿ ಒಂದೇ ತಟ್ಟೆ ನುಂಗಿದೆ, ನೀಲಿ ಬಣ್ಣ ಅದರ ಗುರುತು. ತಿರುವಿಗೆ ಮೊದಲು ಜೋರಾಗಿ ಹಿಡಿದು, ಆಮೇಲೆ ಪೂರ್ತಿ ಬಿಟ್ಟುಬಿಡಿ. ರೋಟರಿಗೆ ಉಸಿರಾಡಲು ಬಿಡುವು ಸಿಗುತ್ತದೆ.

ಅಂದ ಹಾಗೆ, ಪಂಕ್ಚರ್ ಹಾಕಲು ಸೈಕಲನ್ನು ತಲೆಕೆಳಗೆ ನಿಲ್ಲಿಸಿದ್ದಿರಾ? ಲಿವರಿನ ತೊಟ್ಟಿಯಲ್ಲಿರುವ ಗಾಳಿ ಹಾಗೆಯೇ ಕೊಳವೆಗೆ ಸೇರುತ್ತದೆ.

ಬೆಟ್ಟದ ಗಾಳಿ, ಭಾನುವಾರ ಸಂಜೆ 4.10

ಹೌದು, ಹೋದ ವಾರ ನಿಲ್ಲಿಸಿದ್ದೆ! ಅದೇ ಇರಬೇಕು. ಹಾಗಾದರೆ ಬ್ಲೀಡ್ ಮಾಡಿಸಿ ಎಣ್ಣೆಯಲ್ಲಿನ ಗಾಳಿ ತೆಗೆಸಿದರೆ ಸಾಕೇ? ಈಗ ಲಿವರನ್ನು ನಾಲ್ಕೈದು ಸಲ ಒತ್ತಿದರೆ ಸ್ವಲ್ಪ ಗಟ್ಟಿಯಾಗುತ್ತದೆ. ಬಿಟ್ಟಾಗ ಮಾತ್ರ ನಿಧಾನವಾಗಿ ವಾಪಸು ಬರುತ್ತದೆ. ರೋಟರಿನ ಮತ್ತು ಸೈಕಲ್ಲಿನ ಮುಂಭಾಗದ ಫೋಟೊ ಹಾಕಿದ್ದೇನೆ.

ನಾಲ್ಕು ಪಿಸ್ಟನ್, ಭಾನುವಾರ ಸಂಜೆ 4.45

ಎಷ್ಟು ಬ್ಲೀಡ್ ಮಾಡಿದರೂ 160ರ ರೋಟರ್ 160ರದ್ದೇ. 203 ಹಾಕಿದರೆ ಅದೇ ಕೈಬಲಕ್ಕೆ ಸುಮಾರು ಶೇಕಡ 27ರಷ್ಟು ಹೆಚ್ಚು ತಿರುಗುಬಲ ಸಿಗುತ್ತದೆ. ಇದು ಗಣಿತ, ನನ್ನ ಅಭಿಪ್ರಾಯವಲ್ಲ.

ಕರಿಘಟ್ಟ 29, ಭಾನುವಾರ ಸಂಜೆ 5.00

ಗಣಿತ ಸರಿ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ತಡೆಯಬೇಕಲ್ಲ? ಪ್ರತಿ ಫೋರ್ಕಿಗೂ ತಯಾರಕರು ರೋಟರಿನ ಮಿತಿ ಕೊಟ್ಟಿರುತ್ತಾರೆ. ಅದನ್ನು ನೋಡದೆ 203 ಹಾಕಿ ಎನ್ನುವುದು ಅಪಾಯದ ಸಲಹೆ.

ನಾಲ್ಕು ಪಿಸ್ಟನ್, ಭಾನುವಾರ ಸಂಜೆ 5.10

ಮಿತಿ ನೋಡಬೇಡಿ ಎಂದು ನಾನು ಎಲ್ಲಿ ಹೇಳಿದೆ? ನನ್ನ ಫೋರ್ಕಿಗೆ 203ಕ್ಕೆ ಅನುಮತಿ ಇದೆ, 35 ಮಿಲಿಮೀಟರ್ ದಪ್ಪದ ಕಾಲುಗಳು. ಕುಂತಿ ಬೆಟ್ಟದ ಸುತ್ತಲಿನ ಕಲ್ಲುದಾರಿಯಲ್ಲಿ ಎರಡು ವರ್ಷ ಓಡಿಸಿದ್ದೇನೆ. ಹಬ್ಬು, ರಿಮ್ಮು, ಟಯರು ಎಲ್ಲವನ್ನೂ ಒಂದೊಂದಾಗಿ ಆರಿಸಿ ಕಟ್ಟಿಸಿದ ಸೈಕಲ್ ಅದು. ಬೇಕಿದ್ದರೆ ಫೋಟೊ ಹಾಕುತ್ತೇನೆ.

ಹಳೇ ಪೆಡಲ್, ಭಾನುವಾರ ಸಂಜೆ 5.40

ಫೋಟೊದಲ್ಲಿ ರೋಟರ್ ಮೇಲೆ ಜಿಡ್ಡು ಕಾಣುತ್ತಿದೆ. ನಾನು ಬೆಳಗಿನಿಂದ ಹೇಳುತ್ತಿದ್ದೇನೆ.

ನಾಲೆ ಏರಿ, ಭಾನುವಾರ ಸಂಜೆ 6.20

ನಾನು ಫೋಟೊವನ್ನು ಹಿಗ್ಗಿಸಿ ನೋಡಿದೆ. ರೋಟರ್ ಬಿಡಿ, ಬಲಗೈ ಲಿವರಿನ ನೇರಕ್ಕೆ ಫ್ರೇಮಿನ ಮೇಲಿನ ಕೊಳವೆಯನ್ನು ನೋಡಿ. ಬಣ್ಣ ಸುಟ್ಟ ಹಪ್ಪಳದಂತೆ ಗುಳ್ಳೆಗುಳ್ಳೆಯಾಗಿ ಎದ್ದಿದೆ, ಎರಡು ಕಡೆ ಸುಲಿದು ಲೋಹ ಕಾಣುತ್ತಿದೆ. ಶಿಮಾನೊ ಮಿನರಲ್ ಆಯಿಲ್ ಹೀಗೆ ಬಣ್ಣವನ್ನು ತಿನ್ನುವುದಿಲ್ಲ. ಹೀಗೆ ತಿನ್ನುವುದು ಡಾಟ್ ಬ್ರೇಕ್ ಫ್ಲೂಯಿಡ್.

ಹೋದ ತಿಂಗಳ ಸರ್ವೀಸಿನಲ್ಲಿ ಯಾರು, ಏನು ಮಾಡಿದರು? ದಯವಿಟ್ಟು ಪೂರ್ತಿ ಹೇಳಿ.

ಬೆಟ್ಟದ ಗಾಳಿ, ಭಾನುವಾರ ರಾತ್ರಿ 8.30

ಮುಂದಿನ ಲಿವರ್ ಸ್ವಲ್ಪ ಸಡಿಲ ಅನಿಸಿತ್ತು. ಸೈಕಲ್ ಅಂಗಡಿ ದೂರವೆಂದು ನಮ್ಮ ಬೀದಿಯ ಸ್ಕೂಟರ್ ಗ್ಯಾರೇಜಿನಲ್ಲಿ ತೋರಿಸಿದೆ. ಅವರು ಲಿವರಿನ ಮೇಲಿನ ಸಣ್ಣ ಸ್ಕ್ರೂ ಬಿಚ್ಚಿ, ಸ್ಕೂಟರಿಗೆ ಹಾಕುವ ಬ್ರೇಕ್ ಆಯಿಲನ್ನು ಸಿರಿಂಜಿನಲ್ಲಿ ತುಂಬಿದರು. ಹಣವನ್ನೂ ತೆಗೆದುಕೊಳ್ಳಲಿಲ್ಲ. ಬ್ರೇಕ್ ಆಯಿಲ್ ಎಲ್ಲ ಒಂದೇ ಎಂದುಕೊಂಡಿದ್ದೆ, ಹೇಳಬೇಕಾದ ವಿಷಯ ಅನಿಸಲೇ ಇಲ್ಲ.

ನಾಲೆ ಏರಿ, ಭಾನುವಾರ ರಾತ್ರಿ 8.55

ಅದೇ ಮೂಲ. ಇನ್ನು ಆ ಸೈಕಲ್ಲನ್ನು ರಸ್ತೆಗೆ ಇಳಿಸಬೇಡಿ.

ಸ್ಕೂಟರಿನ ಡಾಟ್ 3, ಡಾಟ್ 4 ಗ್ಲೈಕಾಲ್ ಜಾತಿಯವು. ಶಿಮಾನೊ ಬ್ರೇಕಿನ ಒಳಗಿನ ರಬ್ಬರ್ ಸೀಲುಗಳು ಮಿನರಲ್ ಆಯಿಲಿಗಾಗಿ ಮಾಡಿದವು. ಅವು ಗ್ಲೈಕಾಲ್ ಕುಡಿದು ನೆನೆಸಿದ ಕಡಲೆಯಂತೆ ಊದಿಕೊಳ್ಳುತ್ತವೆ. ಊದಿದ ಸೀಲಿನೊಳಗೆ ಪಿಸ್ಟನ್ ಸಲೀಸಾಗಿ ಹಿಂದೆ ಸರಿಯದು, ಅದಕ್ಕೇ ಪ್ಯಾಡ್ ಶಿರ್ ಶಿರ್ ಎಂದು ಉಜ್ಜುತ್ತಿದ್ದದ್ದು. ಲಿವರ್ ನಿಧಾನವಾಗಿ ವಾಪಸು ಬರುವುದೂ ಅದರಿಂದಲೇ. ಇಡೀ ಇಳಿಜಾರು ಉಜ್ಜುತ್ತಲೇ ಬಂದರೆ ಪಿಸ್ಟನ್, ಪ್ಯಾಡ್ ಕೂತಿರುವ ಕ್ಯಾಲಿಪರ್ ಕಾಯುತ್ತದೆ. ತುಂಬುವಾಗ ಸೇರಿದ ಗಾಳಿ ಹಿಗ್ಗುತ್ತದೆ. ಲಿವರ್ ಹ್ಯಾಂಡಲ್‌ಗೆ ಬರದೆ ಇನ್ನೇನು ಮಾಡೀತು?

ಖಚಿತಪಡಿಸಿಕೊಳ್ಳಬೇಕಿದ್ದರೆ ಸುಲಭ ಪರೀಕ್ಷೆ ಇದೆ. ಕೈಗವಸು ಹಾಕಿಕೊಂಡು ಸ್ಕ್ರೂ ಬಿಚ್ಚಿ, ಸಿರಿಂಜಿನಲ್ಲಿ ಸ್ವಲ್ಪ ಎಣ್ಣೆ ತೆಗೆದು ಒಂದು ಹಳೆಯ ಗಾಜಿನ ಲೋಟದ ನೀರಿಗೆ ಬಿಡಿ. ಮಿನರಲ್ ಆಯಿಲ್ ಆಗಿದ್ದರೆ ತೇಲುತ್ತದೆ. ಡಾಟ್ ಆಗಿದ್ದರೆ ನೀರಿನಲ್ಲಿ ಬೆರೆಯುತ್ತದೆ. ಲೋಟವನ್ನು ಮತ್ತೆ ಅಡುಗೆಮನೆಗೆ ತರಬೇಡಿ.

ಬೆಟ್ಟದ ಗಾಳಿ, ಸೋಮವಾರ ಬೆಳಿಗ್ಗೆ 7.10

ಮಾಡಿದೆ. ಹೊರಬಂದದ್ದು ಮಂಕು ಹಳದಿ. ನೀರಿಗೆ ಬಿಟ್ಟ ಕೂಡಲೇ ಸಕ್ಕರೆ ಪಾಕದಂತೆ ಎಳೆ ಎಳೆಯಾಗಿ ತಳಕ್ಕಿಳಿದು, ಕಲಕಿದಾಗ ಕಾಣೆಯಾಯಿತು. ಮೇಲೆ ಮಾತ್ರ ಗುಲಾಬಿ ಬಣ್ಣದ ಮೂರು ನಾಲ್ಕು ಚುಕ್ಕಿಗಳು ತೇಲುತ್ತಿದ್ದವು. ಹಿಂದಿನ ಬ್ರೇಕಿನಿಂದಲೂ ಒಂದು ಹನಿ ತೆಗೆದೆ, ಅದು ಪೂರ್ತಿ ಗುಲಾಬಿ, ಪೂರ್ತಿ ತೇಲಿತು.

ತಪ್ಪು ನನ್ನದು. ಆ ಗ್ಯಾರೇಜಿನವರು ಸಹಾಯ ಮಾಡಲು ಹೋದವರು. ಈಗ ತೊಳೆದು ಸರಿಯಾದ ಎಣ್ಣೆ ತುಂಬಿದರೆ ಉಳಿಯುತ್ತದೆಯೇ?

ಕರಿಘಟ್ಟ 29, ಸೋಮವಾರ ಬೆಳಿಗ್ಗೆ 7.45

ಉಳಿಸಲು ಹೋಗಬೇಡಿ ಅಣ್ಣ. ಒಂದು ತಿಂಗಳು ನೆನೆದ ಸೀಲುಗಳು ಅವು. ಶಿಮಾನೊದವರು ಸೀಲುಗಳನ್ನು ಬಿಡಿಭಾಗವಾಗಿ ಕೊಡುವುದಿಲ್ಲ. ಲಿವರ್, ಕೊಳವೆ, ಕ್ಯಾಲಿಪರ್ ಮೂರನ್ನೂ ತೆಗೆದುಹಾಕಿ. ಪ್ಯಾಡನ್ನೂ ಎಸೆಯಿರಿ.

ಹಳೇ ಪೆಡಲ್, ಸೋಮವಾರ ಬೆಳಿಗ್ಗೆ 8.30

ನಾನು ಪ್ಯಾಡನ್ನೇ ಹಿಡಿದು ಕೂತಿದ್ದೆ, ಒಪ್ಪುತ್ತೇನೆ. ನಾಲೆ ಏರಿಯವರ ಕಣ್ಣು ದೊಡ್ಡದು. ಆದರೂ ಹಳೆಯ ರೋಟರಿಗೆ ಹೊಸ ಪ್ಯಾಡ್ ಜೋಡಿಸಬೇಡಿ. ಎಂಟಿ200 ಇರುವ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬರುವ ರೋಟರಿನ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಕೊರೆದಿರುತ್ತದೆ. ಅದಕ್ಕೆ ಮೆಟಲ್ ಪ್ಯಾಡ್ ಹಾಕಿದರೆ ಬೇಗ ಸವೆದುಹೋಗುತ್ತದೆ.

ಬೆಟ್ಟದ ಗಾಳಿ, ಸೋಮವಾರ ರಾತ್ರಿ 9.00

ಕೊರೆದಿರುವುದು ನಿಜ, ಕೆಸರು ಒರೆಸಿ ಓದಿದೆ. ಫೋರ್ಕಿನ ಕೈಪಿಡಿಯಲ್ಲಿ ಮಿತಿ 180 ಎಂದಿದೆ. ಈಗ ಮತ್ತೆ ಮೊದಲ ಪ್ರಶ್ನೆಗೆ ಬರುತ್ತೇನೆ. ಹೇಗೂ ಮುಂದಿನದನ್ನು ಬದಲಿಸಬೇಕು. ಮತ್ತೆ ಎಂಟಿ200 ಹಾಕಿಸಲೇ, ನಾಲ್ಕು ಪಿಸ್ಟನ್ ತೆಗೆದುಕೊಳ್ಳಲೇ?

ನಾಲೆ ಏರಿ, ಸೋಮವಾರ ರಾತ್ರಿ 9.40

ಸರಿಯಾದ ಎಣ್ಣೆ ಇದ್ದರೆ ಎಂಟಿ200 ಕೆಟ್ಟ ಬ್ರೇಕ್ ಅಲ್ಲ. ನಾಲೆಯ ಏರಿಯ ಮೇಲೆ, ಕಬ್ಬಿನ ಗದ್ದೆಗಳ ನಡುವೆ ನಾನು ಮೂರು ವರ್ಷ ಅದನ್ನೇ ಓಡಿಸಿದೆ. ಆದರೆ ನೀವು ವಾರವಾರ ಬೆಟ್ಟ ಇಳಿಯುವವರು. ಮುಂದಕ್ಕೆ ಡಿಯೋರ್ ಎಂ6120 ಕ್ಯಾಲಿಪರ್, ಎಂ6100 ಲಿವರ್, 180ರ ಆರ್‌ಟಿ66 ರೋಟರ್, ಅದಕ್ಕೆ ತಕ್ಕ ಅಡಾಪ್ಟರ್. ಆ ರೋಟರಿಗೆ ಎರಡೂ ಬಗೆಯ ಪ್ಯಾಡ್ ಒಗ್ಗುತ್ತದೆ. ಬೇಸಿಗೆಯಲ್ಲಿ ರೆಸಿನ್ ಸದ್ದಿಲ್ಲದೆ ಹಿಡಿಯುತ್ತದೆ, ಮಳೆಗಾಲದ ಕೆಸರಿನಲ್ಲಿ ಮೆಟಲ್ ಹೆಚ್ಚು ಬಾಳುತ್ತದೆ. ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರದ್ದು, ಹಣ ಅಲ್ಲಿ ಹಾಕಿ. ಹಿಂದಕ್ಕೆ ಸದ್ಯ ಹೊಸ ಪ್ಯಾಡು, ಹೊಸ ರೋಟರ್ ಸಾಕು.

ಒಂದು ಎಚ್ಚರಿಕೆ. ನಿಮಗೆ ಮುಂದಿನ ಬ್ರೇಕ್ ಬಲಗೈಯಲ್ಲಿದೆ, ಸ್ಕೂಟರಿನಂತೆ. ಪೆಟ್ಟಿಗೆಯಲ್ಲಿ ಜೋಡಿಸಿ ಬರುವ ಸೆಟ್ಟುಗಳಲ್ಲಿ ಎಷ್ಟೋ ಸಲ ಎಡಗೈ ಲಿವರಿಗೆ ಮುಂದಿನ ಗಿಡ್ಡ ಕೊಳವೆ ಇರುತ್ತದೆ. ಕೇಳಿ ತರಿಸಿ. ಗಾಬರಿಯಲ್ಲಿ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ.

ನಾಲ್ಕು ಪಿಸ್ಟನ್, ಸೋಮವಾರ ರಾತ್ರಿ 10.00

ಕೊನೆಗೂ ನಾಲ್ಕು ಪಿಸ್ಟನ್ನಿಗೇ ಬಂದಿರಿ, ನನಗೆ ತುಂಬ ಸಂತೋಷ. ಪ್ಯಾಡ್ ಪಳಗಿಸುವುದನ್ನು ಮಾತ್ರ ಬಿಡಬೇಡಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ ಬಂದು, ಚಕ್ರ ಕಚ್ಚಿಕೊಳ್ಳದಂತೆ ನಡಿಗೆಯ ವೇಗಕ್ಕೆ ಇಳಿಸಿ. 20 ಸಲವಾದರೂ ಮಾಡಿ.

ಬೆಟ್ಟದ ಗಾಳಿ, ಮೂರು ವಾರಗಳ ನಂತರ, ಭಾನುವಾರ ಬೆಳಿಗ್ಗೆ 8.50

ಸೆಟ್ಟು ಎಡಗೈ ಲಿವರಿನೊಂದಿಗೇ ಬಂದಿತ್ತು, ಮೇಡಂ. ವಾಪಸು ಕಳಿಸಿ ಬಲಗೈಯದನ್ನು ತರಿಸುವಷ್ಟರಲ್ಲಿ ಎರಡು ವಾರ ಹೋಯಿತು. ಬ್ಲೀಡಿಂಗನ್ನು ಸೈಕಲ್ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ನೋಡಿದೆ. ಆಲಿಕೆಯಲ್ಲಿ ಗುಲಾಬಿ ಎಣ್ಣೆ, ಅದರೊಳಗಿಂದ ಸಾಸಿವೆ ಗಾತ್ರದ ಗುಳ್ಳೆಗಳು ಒಂದೊಂದೇ ಮೇಲೆ ಬಂದು ಒಡೆಯುತ್ತಿದ್ದವು. ಗುಳ್ಳೆ ನಿಂತ ಮೇಲೆ ಲಿವರ್ ಕಲ್ಲಿನಂತೆ ಗಟ್ಟಿ.

ನಿನ್ನೆ ಲಲಿತಮಹಲ್ ರಸ್ತೆಯಲ್ಲಿ 25 ಸಲ ಪಳಗಿಸಿದೆ. ಇಂದು ಆರು ಗಂಟೆಗೆ ಬೆಟ್ಟ ಹತ್ತಿ, ಕರಿಘಟ್ಟದವರು ಹೇಳಿದಂತೆ ತಿರುವಿಗೆ ಮೊದಲು ಹಿಡಿದು, ಆಮೇಲೆ ಬಿಟ್ಟು ಇಳಿದೆ. ಮೂರನೆಯ ತಿರುವಿನಲ್ಲಿ ಎದೆ ಹೊಡೆದುಕೊಂಡಿತು, ಆದರೆ ಎರಡು ಬೆರಳಿಗೆ ಸೈಕಲ್ ತಗ್ಗಿತು. ಗ್ಯಾರೇಜಿನವರಿಗೂ ನೀರಿನ ಲೋಟದ ಫೋಟೊ ತೋರಿಸಿದೆ. ಇನ್ನು ಸೈಕಲ್ಲಿಗೆ ಆ ಎಣ್ಣೆ ಹಾಕುವುದಿಲ್ಲ ಎಂದರು.

ಹಿಂದಿನ ಬ್ರೇಕ್ ಮಂಜಿನಲ್ಲಿ ಒದ್ದೆಯಾದಾಗ ಮೊದಲ ಎರಡು ಹಿಡಿತಕ್ಕೆ ಕಿರುಚುತ್ತದೆ, ಒಣಗಿದ ಮೇಲೆ ಸುಮ್ಮನಾಗುತ್ತದೆ. ಅದಕ್ಕೆ ಏನಾದರೂ ಮಾಡಬೇಕೇ?

ಹಳೇ ಪೆಡಲ್, ಭಾನುವಾರ ಬೆಳಿಗ್ಗೆ 9.15

ಬೇಡ. ನೀರು ಆರಿದ ಮೇಲೂ ಕಿರುಚಿದರೆ ಮಾತ್ರ ಪ್ಯಾಡ್ ಬಿಚ್ಚಿ ನೋಡಿ.