ಎಲ್ಕ್ ಬೇಟೆಗೆ ಶಾರ್ಟ್ ಮ್ಯಾಗ್ನಮ್ ರೈಫಲ್: ತೋಟಾ ಸಿಗುವ ಯಾವುದನ್ನು ಕೊಳ್ಳಲಿ?

ಪ್ರಶ್ನೆ

ನಾನು ಕೊಡಗಿನವನು. ಈಗ ಗ್ರೀನ್ ಕಾರ್ಡ್ ಪಡೆದು ಕೊಲೊರಾಡೊದಲ್ಲಿ ನೆಲೆಸಿದ್ದು, ಹಂಟರ್ ಎಜುಕೇಷನ್ ತರಗತಿಯನ್ನು ಮುಗಿಸಿ ಈ ವರ್ಷದ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಸಿದ್ಧನಾಗುತ್ತಿದ್ದೇನೆ. ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜಿಸುತ್ತಿದ್ದ ಮನೆಯ ಜೋಡಿನಳಿಗೆ ಕೋವಿಯ ಪರಿಚಯ ನನಗಿದೆ. ಪ್ರತಿ ಸಲವೂ ಬೋಲ್ಟನ್ನು ಕೈಯಿಂದ ಎಳೆದು ತಳ್ಳಿ ತೋಟಾ ಏರಿಸುವ ಬೋಲ್ಟ್ ರೈಫಲ್ ಮಾತ್ರ ಹೊಸದು. ಸುಮಾರು 3,000 ಮೀಟರ್ ಎತ್ತರದ ದಟ್ಟ ಕಾಡಿನಲ್ಲಿ ದಿನವಿಡೀ ಹೊತ್ತು ನಡೆಯಬೇಕಾದ್ದರಿಂದ ಗಿಡ್ಡದಾದ, ಹಗುರವಾದ ರೈಫಲ್ ಬೇಕು. ಇಲ್ಲಿನ ಅಂಗಡಿಯೊಂದರಲ್ಲಿ 7 ಎಂಎಂ ರೆಮಿಂಗ್ಟನ್ ಶಾರ್ಟ್ ಆ್ಯಕ್ಷನ್ ಅಲ್ಟ್ರಾ ಮ್ಯಾಗ್ನಮ್ ಎಂಬ ಗಿಡ್ಡ, ದಪ್ಪ, ಹೆಚ್ಚು ಶಕ್ತಿಯ ತೋಟಾ ಬಳಸುವ ರೆಮಿಂಗ್ಟನ್ ಕಂಪನಿಯ ಹಳೆಯ ಮಾಡೆಲ್ ಸೆವೆನ್ ರೈಫಲ್ ಕಡಿಮೆ ಬೆಲೆಗೆ ಸಿಗುತ್ತಿದೆ, ಜೊತೆಗೆ ಎರಡು ಡಬ್ಬಿ ತೋಟಾ. ಅದಕ್ಕಿಂತ ದುಬಾರಿಯಾದರೂ .300 ಡಬ್ಲ್ಯುಎಸ್‌ಎಂ (ವಿಂಚೆಸ್ಟರ್ ಶಾರ್ಟ್ ಮ್ಯಾಗ್ನಮ್) ತೋಟಾದ ಹೊಸ ವಿಂಚೆಸ್ಟರ್ ಮಾಡೆಲ್ 70 ರೈಫಲ್ ಕೊಳ್ಳುವುದು ಉತ್ತಮವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಮಸ್ಕಾರ. ಮೊದಲು ತೋಟಾ ನೋಡಿ, ಆಮೇಲೆ ಕೋವಿ ನೋಡಿ. ಆ ಎರಡು ಡಬ್ಬಿಗಳೆಂದರೆ 40 ತೋಟಾ. ಗುರಿ ಹೊಂದಿಸಿ ಸ್ವಲ್ಪ ಅಭ್ಯಾಸ ಮಾಡುವಷ್ಟರಲ್ಲಿ ಅವು ಮುಗಿದುಹೋಗುತ್ತವೆ.

ವಿಂಚೆಸ್ಟರ್‌ನ .300 ಡಬ್ಲ್ಯುಎಸ್‌ಎಂ 2001ರಲ್ಲಿ ಮಾರುಕಟ್ಟೆಗೆ ಬಂದಿತು, ರೆಮಿಂಗ್ಟನ್‌ನ ಗಿಡ್ಡ ಮ್ಯಾಗ್ನಮ್‌ಗಳು ಅದರ ಹಿಂದೆಯೇ ಬಂದವು. ಗುಣದಲ್ಲಿ ರೆಮಿಂಗ್ಟನ್‌ನದು ಕಳಪೆಯಲ್ಲ, ಆದರೆ ಬೇರೆ ತಯಾರಕರು ಹೆಚ್ಚಾಗಿ ವಿಂಚೆಸ್ಟರ್‌ನ ತೋಟಾಕ್ಕೇ ರೈಫಲ್ ಮಾಡಿದರು. ರೈಫಲ್ ಎಲ್ಲಿದೆಯೋ ತೋಟಾವೂ ಅಲ್ಲಿಗೇ ಬರುತ್ತದೆ. ಹಳೆಯ, ಉದ್ದನೆಯ .300 ವಿಂಚೆಸ್ಟರ್ ಮ್ಯಾಗ್ನಮ್‌ನ ಕೇಸ್ (ಮದ್ದು ತುಂಬುವ ಲೋಹದ ಕೊಳವೆ) 2.62 ಅಂಗುಲ ಉದ್ದವಿದ್ದರೆ ಡಬ್ಲ್ಯುಎಸ್‌ಎಂನದು 2.1 ಅಂಗುಲ ಮಾತ್ರ. ಕೇಸ್ ದಪ್ಪವಾಗಿರುವುದರಿಂದ 180 ಗ್ರೇನ್ (ಸುಮಾರು 11.7 ಗ್ರಾಂ) ತೂಕದ ಗುಂಡು ಹೆಚ್ಚುಕಡಿಮೆ ಅದೇ ವೇಗದಲ್ಲಿ, ಸೆಕೆಂಡಿಗೆ ಸುಮಾರು 2,970 ಅಡಿಯಂತೆ ಹೊರಡುತ್ತದೆ. ಎಲ್ಕ್‌ಗೆ ಕನಿಷ್ಠ 85 ಗ್ರೇನ್ ಗುಂಡಿರಬೇಕೆಂಬ ಕೊಲೊರಾಡೊದ ನಿಯಮ ಎರಡಕ್ಕೂ ಅಡ್ಡಿಯಾಗುವುದಿಲ್ಲ.

2020ರ ಶರತ್ಕಾಲದಲ್ಲಿ ದೇಶದಾದ್ಯಂತ ತೋಟಾದ ಅಭಾವವುಂಟಾದಾಗ ನಾನು ನಾಲ್ಕು ಅಂಗಡಿಗಳನ್ನು ಸುತ್ತಿ ಬರಿಗೈಯಲ್ಲಿ ಮರಳಿದೆ. ಮನೆಯಲ್ಲಿದ್ದ ಒಂದೇ ಡಬ್ಬಿಯಲ್ಲಿ ಗುರಿ ಪರೀಕ್ಷೆಗೆ ಒಂಬತ್ತು ಖರ್ಚಾಗಿ, ಹನ್ನೊಂದನ್ನು ಎಣಿಸಿಟ್ಟುಕೊಂಡು ಕಾಡಿಗೆ ಹೋದೆ. ಜನಪ್ರಿಯವಾದ ತೋಟಾಕ್ಕೇ ಆ ಗತಿಯಾದರೆ ಅಪರೂಪದ್ದರ ಪಾಡೇನೆಂದು ನೀವೇ ಯೋಚಿಸಿ. ಒಂದೇ ಲಾಟ್ (ತಯಾರಿಕೆಯ ಕಂತು) ಸಂಖ್ಯೆಯ ಐದು ಡಬ್ಬಿಗಳನ್ನು ಒಟ್ಟಿಗೇ ಕೊಂಡು, ಒಣಗಿದ, ತಂಪಾದ ಕಡೆ ಬೀಗ ಹಾಕಿಡಿ. ಲಾಟ್ ಬದಲಾದರೆ ಗುಂಡು ಬೀಳುವ ಜಾಗವೂ ತುಸು ಸರಿಯಬಹುದು.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಹಳೆಯ ಸೆವೆನ್ ಅನ್ನು ಹೀಗಳೆಯಲಾರೆ. ತೋಟಾವನ್ನು ಮನೆಯಲ್ಲೇ ತುಂಬಿಕೊಳ್ಳುವವರಿಗೆ ಅದು ಸೊಗಸಾದ ರೈಫಲ್. ನಿಮಗೆ ತೋಟಾ ತುಂಬುವ ಅನುಭವವಿಲ್ಲದಿದ್ದರೆ ಅದನ್ನು ನಂಬಿ ಆ ರೈಫಲ್ ಕೊಳ್ಳಬೇಡಿ. ಎರಡು ಕಂಪನಿಗಳ ತೋಟಾಗಳೂ ನೋಡಲು ಒಂದೇ ತೆರನಾಗಿದ್ದರೂ ಒಂದರ ಕೋಣೆಗೆ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಇನ್ನೊಂದನ್ನು ಎಂದಿಗೂ ಹಾಕಬಾರದು.

ಕೊಳ್ಳುವ ಮುನ್ನ ಅಂಗಡಿಯವರಿಂದ ಡಮ್ಮಿ ತೋಟಾ ಕೇಳಿ ಪಡೆದು, ಮ್ಯಾಗಜೀನ್ ತುಂಬಿಸಿ, ಬೋಲ್ಟನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಜೋರಾಗಿ ಎಳೆದು ತಳ್ಳಿ ನೋಡಿ. ಈ ದಪ್ಪ ತೋಟಾಗಳ ಹೆಗಲು (ಕೇಸ್ ಗುಂಡಿನ ಕಡೆಗೆ ಕಿರಿದಾಗುವ ಭಾಗ) ಕಡಿದಾಗಿರುವುದರಿಂದ ಕೆಲವು ರೈಫಲ್‌ಗಳಲ್ಲಿ ಅವು ಕೋಣೆಯ ಬಾಯಿಗೆ ಓರೆಯಾಗಿ ತಾಗಿ ಸಿಕ್ಕಿಕೊಳ್ಳುತ್ತವೆ; ಮ್ಯಾಗಜೀನ್‌ನಲ್ಲಿ ಸಾಮಾನ್ಯವಾಗಿ ಹಿಡಿಸುವುದೂ ಮೂರೇ. ಗಿಡ್ಡವಾಗಿರಲೆಂದು ನಳಿಗೆಯನ್ನು ವಿಪರೀತ ಮೋಟು ಮಾಡಿಸಬೇಡಿ, ಮ್ಯಾಗ್ನಮ್‌ನ ವೇಗ ಅಲ್ಲೇ ಸೋರಿಹೋಗುತ್ತದೆ. ಹಗುರ ರೈಫಲ್‌ನ ಒದೆತ ಭುಜಕ್ಕೆ ಬಲವಾಗಿಯೇ ತಾಗುವುದರಿಂದ ಹೆಚ್ಚಿನ ಅಭ್ಯಾಸವನ್ನು ಒದೆತ ಕಡಿಮೆಯಿರುವ ಸಣ್ಣ .22 ರೈಫಲ್‌ನಲ್ಲೇ ಮಾಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಅಂಗಡಿಯಲ್ಲಿ ಹೇಳಿದಂತೆಯೇ ಪರೀಕ್ಷಿಸಿದಾಗ ಮೂರು ಡಮ್ಮಿ ತೋಟಾಗಳೂ ತಡೆಯಿಲ್ಲದೆ ಒಳಹೋದವು, ಹಾಗಾಗಿ .300 ಡಬ್ಲ್ಯುಎಸ್‌ಎಂ ಅನ್ನೇ ಕೊಂಡೆ. ಒಂದೇ ಲಾಟ್‌ನದು ನಾಲ್ಕು ಡಬ್ಬಿ ಮಾತ್ರ ಸಿಕ್ಕಿತು. ಶನಿವಾರ 100 ಗಜದಲ್ಲಿ ಗುರಿ ಹೊಂದಿಸುತ್ತೇನೆ.