ಡಬ್ಲ್ಯೂ-2 ಬಿಟ್ಟು 1099ಗೆ ಹೋದವರು ಅನುಭವ ಹೇಳಿ

ಪ್ರಶ್ನೆ:
ಅಮೆರಿಕದಲ್ಲಿ ಇರುವವರನ್ನು ಕೇಳುತ್ತಿದ್ದೇನೆ. ಈಗ ಡಬ್ಲ್ಯೂ-2 ಮೇಲೆ, ಅಂದರೆ ಕಂಪನಿ ನೌಕರಳಾಗಿ, ಗಂಟೆಗೆ 70 ಡಾಲರ್. ಅದೇ ಕೆಲಸಕ್ಕೆ 1099, ಅಂದರೆ ಸ್ವತಂತ್ರ ಕಾಂಟ್ರಾಕ್ಟರ್, ಆದರೆ 85 ಕೊಡುತ್ತಾರಂತೆ. ಗ್ರೀನ್ ಕಾರ್ಡ್ ಇದೆ. ಹೆಲ್ತ್ ಇನ್ಶೂರೆನ್ಸ್ ಯಜಮಾನರ ಕಂಪನಿಯದು. ಶುಕ್ರವಾರದೊಳಗೆ ಉತ್ತರ ಕೊಡಬೇಕು. ಏನು ಮಾಡಲಿ?

ಡೇಟಾಬೇಸ್‌ನವನು:
ಮೇಡಂ, 2023ರಲ್ಲಿ ನಾನೂ ಇದೇ 15 ಡಾಲರ್ ಆಸೆಗೆ ಬಿದ್ದೆ. ಖರ್ಚು ಕಳೆದು ಉಳಿದಿದ್ದು 1.5 ಲಕ್ಷ ಡಾಲರ್. ಅದರ ಶೇ 92.35ರ ಮೇಲೆ ಶೇ 15.3 ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್. ಅಂದರೆ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್‌ಗೆ ಮಾಲೀಕನ ಪಾಲೂ ನನ್ನದೇ. 21,194 ಡಾಲರ್! ನೌಕರನಾಗಿದ್ದರೆ ನನ್ನ ಪಾಲು 11,475ಕ್ಕೆ ಮುಗಿಯುತ್ತಿತ್ತು. ಇನ್ಕಮ್ ಟ್ಯಾಕ್ಸ್ ಬೇರೆ.

ಮುಂಗಡ ತೆರಿಗೆಯ ಎರಡನೇ ಕಂತು ಜುಲೈನಲ್ಲಿ ಅಂದುಕೊಂಡಿದ್ದೆ. ಅದು ಜೂನ್ 15! ಏಪ್ರಿಲ್ ಕಂತಾಗಿ ಎರಡೇ ತಿಂಗಳು. ಹಾಗೆ ತಪ್ಪಿದ್ದಕ್ಕೆ ಆಗ ಬಡ್ಡಿ ಶೇ 7, ಅಕ್ಟೋಬರ್‌ನಿಂದ ಶೇ 8. ನವೆಂಬರ್‌ನಲ್ಲಿ ಪ್ರಾಜೆಕ್ಟ್ ನಿಂತಿತು. ಕೊನೆಯ ಎರಡು ಇನ್ವಾಯ್ಸ್ ದುಡ್ಡು ಬರಲು 74 ದಿನ ಹಿಡಿಯಿತು. 11 ವಾರ ಮನೆಯಲ್ಲಿ ಕೂತೆ, ಅನ್‌ಎಂಪ್ಲಾಯ್‌ಮೆಂಟ್ ಹಣ ಒಂದು ಸೆಂಟೂ ಇಲ್ಲ. ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಡಬ್ಲ್ಯೂ-2 ಹುಡುಗನಿಗೆ ಬರುತ್ತಿತ್ತು. ಅದು ಇವತ್ತಿಗೂ ಚುಚ್ಚುತ್ತದೆ.

ಏಳು ವರ್ಷದ ಕಾಂಟ್ರಾಕ್ಟರ್:
ಸುಮ್ನೆ ಹೆದರಿಸಬೇಡಿ ಸರ್. ಆ 21,194ರಲ್ಲಿ ಅರ್ಧ ಆದಾಯದಿಂದ ಕಳೆಯಬಹುದು, ಅದನ್ನು ಯಾಕೆ ಹೇಳಲಿಲ್ಲ? ನನ್ನದು ಕೇಳಿ. 2024ರಲ್ಲಿ ನಿವ್ವಳ 1.4 ಲಕ್ಷ. ಸೋಲೋ 401ಕೆಗೆ (ಸ್ವಂತ ದುಡಿಮೆಯವರ ನಿವೃತ್ತಿ ಖಾತೆ) ನೌಕರನ ಲೆಕ್ಕದಲ್ಲಿ 23,000, ಮಾಲೀಕನ ಲೆಕ್ಕದಲ್ಲಿ 26,000. ಒಂದೇ ವರ್ಷಕ್ಕೆ 49,000! ಯಾವ ಕಂಪನಿ ನಿಮಗೆ 26,000 ಮ್ಯಾಚಿಂಗ್ ಹಾಕುತ್ತದೆ? ಅದರ ಮೇಲೆ ಸ್ವಂತ ವ್ಯವಹಾರದ ಆದಾಯಕ್ಕೆ ಸಿಗುವ ಕ್ಯೂಬಿಐ ಶೇ 20 ಕಡಿತ. ಕಂತುಗಳನ್ನು ಹಿಂದಿನ ವರ್ಷದ ತೆರಿಗೆಯ ಶೇ 110ರ ಲೆಕ್ಕಕ್ಕೆ ಕಟ್ಟುತ್ತೇನೆ. ಏಳು ವರ್ಷದಲ್ಲಿ ಒಂದು ಸಲವೂ ದಂಡ ಬಿದ್ದಿಲ್ಲ.

ಡೇಟಾಬೇಸ್‌ನವನು:
ಆ 26,000 ಯಾರ ದುಡ್ಡು ಸರ್? ನಿಮ್ಮದೇ ಅಲ್ವಾ? ಕಂಪನಿ ಕೊಟ್ಟ ಹಾಗೆ ಹೇಳುತ್ತೀರಲ್ಲ. ಕನ್ಸಲ್ಟಿಂಗ್ ಮಾಡುವವರಿಗೆ ಕ್ಯೂಬಿಐ ಸಿಗುವುದಿಲ್ಲ ಅಂತ ನನ್ನ ಸಿಪಿಎ (ಲೆಕ್ಕಪರಿಶೋಧಕರು) ಹೇಳಿದ್ದಾರೆ.

ಏಳು ವರ್ಷದ ಕಾಂಟ್ರಾಕ್ಟರ್:
ಸಿಪಿಎ ಬದಲಾಯಿಸಿ. ಆ ತಕರಾರು ಬರುವುದು ಆದಾಯ ಮಿತಿ ದಾಟಿದ ಮೇಲೆ. 2024ರಲ್ಲಿ ಗಂಡ ಹೆಂಡತಿ ಒಟ್ಟಿಗೆ ಫೈಲ್ ಮಾಡಿದರೆ ಆ ಮಿತಿ 3,83,900 ಡಾಲರ್. ಅಷ್ಟು ದುಡಿಯುತ್ತಿದ್ದೀರಾ?

ಟೆಸ್ಟಿಂಗ್ ಲೀಡ್:
ನೀವಿಬ್ಬರೂ ಬರೀ ತೆರಿಗೆ ಮಾತಾಡುತ್ತಿದ್ದೀರಿ. ನನ್ನದು 1099, ಆದರೆ ಲ್ಯಾಪ್‌ಟಾಪ್ ಅವರದು. ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ, ರಜೆಗೆ ಮ್ಯಾನೇಜರ್ ಒಪ್ಪಿಗೆ. ಎರಡು ವರ್ಷ ಹಾಗೆ ದುಡಿದೆ. ಬಸುರಿ ಆದಾಗ ಹೆರಿಗೆ, ಕಾಯಿಲೆಗೆ ಕಾನೂನು ಕೊಡುವ ಎಫ್‌ಎಂಎಲ್‌ಎ ರಜೆ ಕೇಳಿದೆ. ನೌಕರರಿಗೆ ಸಿಗುವ 12 ವಾರ ನಿಮಗಿಲ್ಲ ಅಂದರು. ಮುಂದಿನ ತಿಂಗಳು ಕಾಂಟ್ರಾಕ್ಟ್ ಮುಗಿಸಿದರು. ಹೊಟ್ಟೆಯಲ್ಲಿ ಏಳು ತಿಂಗಳ ಮಗು.

ನಾನು ನೌಕರಳೋ ಕಾಂಟ್ರಾಕ್ಟರೋ ತೀರ್ಮಾನಿಸಿ ಅಂತ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಎಸ್‌ಎಸ್-8 ಫಾರ್ಮ್ ಕಳಿಸಿದೆ. ರಿಟರ್ನ್ ಜೊತೆ 8919 ಫಾರ್ಮ್ ಹಾಕಿ ನನ್ನ ಪಾಲಿನ ಶೇ 7.65 ಮಾತ್ರ ಕಟ್ಟಿದೆ. ನೀವು ನೌಕರರೇ ಅಂತ ಉತ್ತರ ಬರುವ ಹೊತ್ತಿಗೆ ಮಗು ಅಂಬೆಗಾಲಿಡುತ್ತಿತ್ತು.

ಏಳು ವರ್ಷದ ಕಾಂಟ್ರಾಕ್ಟರ್:
ಬೇಜಾರಾಗಬೇಡಿ ಮೇಡಂ, ಆದರೆ ಸಹಿ ಹಾಕಿದ್ದು ನೀವೇ. ಇಂಥ ದೂರುಗಳಿಂದಲೇ ಈಗ ಕ್ಲೈಂಟ್‌ಗಳು ನಮ್ಮಂಥವರನ್ನು ತೆಗೆದುಕೊಳ್ಳಲು ಹಿಂಜರಿಯುತ್ತಾರೆ.

ಟೆಸ್ಟಿಂಗ್ ಲೀಡ್:
ಸಹಿ ಹಾಕಿದ ತಕ್ಷಣ ಕಾಂಟ್ರಾಕ್ಟರ್ ಆಗುವುದಿಲ್ಲ. ಕೆಲಸದ ಮೇಲೆ ಹಿಡಿತ ಯಾರದು ಅಂತ ಐಆರ್‌ಎಸ್ ನೋಡುತ್ತದೆ. ನಿಮ್ಮ ಕ್ಲೈಂಟ್‌ಗಾಗಿ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತಾ?

ಪ್ರಶ್ನೆ ಕೇಳಿದವರು:
ನನ್ನದೂ ಅದೇ ಟೀಮ್, ಅದೇ ಮ್ಯಾನೇಜರ್, ಅದೇ ಲ್ಯಾಪ್‌ಟಾಪ್. ಸಂಬಳ ಕೊಡುವ ರೀತಿ ಮಾತ್ರ ಬೇರೆ ಅಂದರು.

ಟೆಸ್ಟಿಂಗ್ ಲೀಡ್:
ಹಾಗಾದರೆ ಆ ಮಾತನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ನನ್ನ ಹತ್ತಿರ ಇದ್ದದ್ದು ಹಾಜರಿ ಶೀಟ್‌ಗಳು ಮಾತ್ರ.

ಡೇಟಾಬೇಸ್‌ನವನು:
ಯಜಮಾನರ ಪ್ಲಾನ್‌ಗೆ ಸೇರಲು ಅವಕಾಶ ಇರುವ ತಿಂಗಳುಗಳಿಗೆ ನಿಮಗೆ ಸೆಲ್ಫ್ ಎಂಪ್ಲಾಯ್ಡ್ ಇನ್ಶೂರೆನ್ಸ್ ಕಡಿತವೂ ಇಲ್ಲ. ಏಳು ವರ್ಷದವರು ಅದನ್ನೂ ಹೇಳಲಿಲ್ಲ.

ಏಳು ವರ್ಷದ ಕಾಂಟ್ರಾಕ್ಟರ್:
ಅವರು ಅದನ್ನು ಕೇಳಲೇ ಇಲ್ಲವಲ್ಲ ಸರ್!