ಶೀನನಿಗೆ ಕೆಲಸ ಸಿಕ್ಕಿತು

ನಮ್ಮ ಗುಂಪಿನಲ್ಲಿ ಶೀನನಿಗೆ ‘ಕೆಲಸವಿಲ್ಲದವ’ ಅನ್ನೋ ಬಿರುದು ಕಾಯಂ. ಅಂಕಿಅಂಶ ಇಲಾಖೆಯಿಂದ ನಿವೃತ್ತರಾದ ಸುಬ್ಬಣ್ಣ ಮೊನ್ನೆ ಅದನ್ನೂ ಕಿತ್ತುಕೊಂಡರು.

“ಹೋದ ವಾರ ದುಡ್ಡಿಗೆ ಒಂದು ಗಂಟೆಯಾದರೂ ಕೆಲಸ ಮಾಡಿದೆಯೇನೋ?”

“ಒಬ್ಬರ ಫ್ಯಾನ್ ರಿಪೇರಿ ಮಾಡಿಕೊಟ್ಟೆ. ಒಂದೂವರೆ ಗಂಟೆ ಹಿಡಿಯಿತು. ಯಾಕೆ?”

“ಮುಗೀತು. ಉದ್ಯೋಗ ಸಮೀಕ್ಷೆಯ ಲೆಕ್ಕದಲ್ಲಿ ನೀನು ಉದ್ಯೋಗಿ. ಅನೌಪಚಾರಿಕ ಉದ್ಯೋಗಿ. ಕೀತ್ ಹಾರ್ಟ್ ಅನ್ನೋ ಮಾನವಶಾಸ್ತ್ರಜ್ಞ ಘಾನಾದ ಅಕ್ರಾದಲ್ಲಿ ಕಂಡು 1973ರಲ್ಲಿ ಬರೆದದ್ದೂ ನಿನ್ನಂಥವರ ಬಗ್ಗೇನೇ. ಕಾಗದದಲ್ಲಿ ನಿರುದ್ಯೋಗಿ, ಕೈಯಲ್ಲಿ ಏನಾದರೊಂದು ಕಸುಬು.”

“ಹಾಗಾದರೆ ಮನೇಲಿ ಹೇಳಬಹುದಲ್ವಾ?” ಅಂದ ಶೀನ. ಅವನಿಗೆ ಅದೇ ಮುಖ್ಯ.

ನಾಗೇಶ ನಕ್ಕ. ಕತ್ತಿನಲ್ಲಿ ಕಂಪನಿಯ ಗುರುತಿನ ಚೀಟಿ ನೇತಾಡುತ್ತಿತ್ತು. “ಬೋರ್ಡಿಲ್ಲದ ಅಂಗಡಿ, ಬಿಲ್ಲಿಲ್ಲದ ವ್ಯಾಪಾರ. ಅದು ತಾನೇ ಅನೌಪಚಾರಿಕ? ನಮಗೂ ಅದಕ್ಕೂ ಸಂಬಂಧ ಇಲ್ಲ ಬಿಡಿ.”

“1993ರಲ್ಲಿ ಕಾರ್ಮಿಕ ಸಂಖ್ಯಾಶಾಸ್ತ್ರಜ್ಞರ ಅಂತಾರಾಷ್ಟ್ರೀಯ ಸಮ್ಮೇಳನವೂ ಅಂಗಡಿಯನ್ನೇ ನೋಡಿತ್ತು. 2003ರಲ್ಲಿ, ಅಂಗಡಿ ಹೇಗಿದೆ ಅಂತಷ್ಟೇ ಅಲ್ಲ, ಕೆಲಸ ಹೇಗಿದೆ ಅಂತಲೂ ನೋಡಿ ಅಂದರು. ನಿನ್ನ ಪಿಂಚಣಿಗೆ ಕಂಪನಿ ದುಡ್ಡು ಕಟ್ಟುತ್ತಾ?”

“ನಾನು ಗುತ್ತಿಗೆ ಅಲ್ವಾ, ಕಟ್ಟಲ್ಲ.”

“ರಜೆ ಹಾಕಿದರೆ?”

“ಸಂಬಳ ಕಟ್.”

“ಜ್ವರ ಬಂದರೆ?”

“ಜ್ವರಕ್ಕೂ ಕಟ್.”

“ಬಾ, ಶೀನನ ಪಕ್ಕ ಕೂತ್ಕೋ.”

ಶೀನ ಖುಷಿಯಿಂದ ಜಾಗ ಬಿಟ್ಟುಕೊಟ್ಟ. “ಬೇಜಾರಾಗಬೇಡ ನಾಗೇಶ, ನಾವು ತುಂಬಾ ಜನ ಇದ್ದೀವಿ” ಅಂತ ಸಮಾಧಾನವನ್ನೂ ಹೇಳಿದ. ಅದಂತೂ ನಿಜ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಇಂಥವರು 200 ಕೋಟಿ, ಅಂದರೆ ದುಡಿಯುವವರಲ್ಲಿ ಶೇ 61.

“ಅದರಲ್ಲಿ ನಾನಿಲ್ಲ” ಅಂದರು ವಿಮಲಕ್ಕ. “ಸಮೀಕ್ಷೆಯವರು ಬಂದಾಗ ನಮ್ಮ ಯಜಮಾನರು ‘ಅವಳು ಸುಮ್ನೆ ಮನೇಲಿರ್ತಾಳೆ’ ಅಂದುಬಿಟ್ಟರು. ನಾನು ಒಳಗೆ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದೆ. ಒಂದು ಅಂಗಿಗೆ ಇಷ್ಟು ಅಂತ ಕೂಲಿ. ಅಂಗಿ ರಾಶಿ ನನ್ನ ತಲೆಗಿಂತ ಎತ್ತರ ಇತ್ತು, ಅದಕ್ಕೇ ಕಾಣಲಿಲ್ಲವೇನೋ.”

ಸುಬ್ಬಣ್ಣ ತಲೆ ಚಚ್ಚಿಕೊಂಡರು. “ನೋಡಿ, ಲೆಕ್ಕ ತಪ್ಪೋದೇ ಅಲ್ಲಿ. ನಿಮ್ಮನ್ನೇ ಕೇಳಬೇಕಿತ್ತು. ‘ಕೆಲಸ ಮಾಡ್ತೀರಾ’ ಅಂತ ಕೇಳಿದರೂ ಸಾಲದು, ಬಿಡಿಸಿ ಬಿಡಿಸಿ ಕೇಳಬೇಕು.”

“ಸರಿ, ಮಗಳ ಅಂಗಿಗೂ ಒಂದು ಗುಂಡಿ ಹಚ್ಚಿದೆ. ಅದು?”

“ಅದು ಕೆಲಸ, ಆದರೆ ಉದ್ಯೋಗ ಅಲ್ಲ. 2013ರಲ್ಲಿ ಅದೇ ಸಮ್ಮೇಳನದಲ್ಲಿ ಹಾಗಂತ ತೀರ್ಮಾನ ಆಗಿದೆ.”

“ಅದೇ ಸೂಜಿ, ಅದೇ ದಾರ ಕಣ್ರೀ!”

ಇದಕ್ಕೆ ಸುಬ್ಬಣ್ಣನ ಹತ್ತಿರ ಉತ್ತರ ಇರಲಿಲ್ಲ. ಶೀನನ ಹತ್ತಿರ ಇತ್ತು. “ಜನರನ್ನ ಕೇಳೋದೇ ಬೇಡ. ಕರೆಂಟ್ ಬಿಲ್ ನೋಡಿ ಅಳೆದರಾಯ್ತು.”

ತಮಾಷೆಗೆ ಅಂದದ್ದು, ಆದರೆ ಹಾಗೆ ಅಳೆಯುವವರೂ ಇದ್ದಾರಂತೆ. ಕರೆಂಟ್ ಬಳಕೆ ಎಷ್ಟು ಏರಿತು, ಲೆಕ್ಕಕ್ಕೆ ಸಿಕ್ಕ ಉತ್ಪಾದನೆ ಎಷ್ಟು ಏರಿತು ನೋಡುತ್ತಾರೆ. ನಡುವಿನ ವ್ಯತ್ಯಾಸವೇ ಬಚ್ಚಿಟ್ಟ ವ್ಯವಹಾರ.

“ಗುಂಡಿ ಹಚ್ಚೋಕೆ ಯಾವ ಕರೆಂಟಪ್ಪಾ?” ಅಂದರು ವಿಮಲಕ್ಕ. ಆಮೇಲೆ ಸುಬ್ಬಣ್ಣನ ಕಡೆ ತಿರುಗಿದರು. “ಅಲ್ಲಾ, ಇಷ್ಟೆಲ್ಲ ಬಿಡಿಸಿ ಬಿಡಿಸಿ ಕೇಳ್ತಾ ಮನೆಮನೆ ತಿರುಗ್ತಾರಲ್ಲ ಆ ಹುಡುಗರು, ಅವರಿಗೆ ಪಿಂಚಣಿ ಇದೆಯಾ?”

ಸುಬ್ಬಣ್ಣ ಕೆಮ್ಮಿದರು. “ನಮ್ಮಲ್ಲಿ ಅವರದ್ದು ಮೂರು ತಿಂಗಳ ಗುತ್ತಿಗೆ ಇತ್ತು.”

“ಜ್ವರ ಬಂದರೆ?” ಅಂತ ಕೇಳಿದ ನಾಗೇಶ.